ಒಣ ಎಂದರೆ ಮೂರು ಅಂಕ

ಮಾರ್ಚ್ 3, ಸೋಮವಾರ

ಕೋಣೆ 23 ಡಿಗ್ರಿ, ತೇವಾಂಶ 50.

ಹೊಸ ಸರಕು ಬಂತು. ಪೆಟ್ಟಿಗೆಯ ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಎಳೆಮಕ್ಕಳಿಗೆ ಒಮ್ಮೆ ಹಾಕಿ ಬಿಸಾಡುವ ಡೈಪರ್. ಮೇಲ್ಪದರ ಬಿದಿರಿನ ನಾರು, ನಡುವೆ ಮರದ ತಿರುಳು, ಹಿಂಬದಿಗೆ ಪ್ಲಾಸ್ಟಿಕ್ ಬದಲು ಜೋಳದ ಪಿಷ್ಟದಿಂದ ಮಾಡಿದ ಹಾಳೆ. ಹನ್ನೆರಡು ವಾರದಲ್ಲಿ ಮಣ್ಣಿನಲ್ಲಿ ಮಣ್ಣಾಗುತ್ತದಂತೆ. ಕಂಪನಿಯವರು ಹೇಳುತ್ತಾರೆ, ನಾವು ನೋಡುತ್ತೇವೆ. ಈ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ಅದೇ, ಬೇರೆಯವರು ಬಾಯಲ್ಲಿ ಹೇಳಿದ್ದನ್ನು ತೂಗಿ ನೋಡುವುದು. ಬೆನ್ನ ಹಿಂದೆ ಎಲ್ಲರೂ ನನ್ನನ್ನು ತಕ್ಕಡಿ ಮೇಡಂ ಅನ್ನುತ್ತಾರೆ. ಗೊತ್ತಿದೆ, ಬೇಜಾರೇನೂ ಇಲ್ಲ.

ಒಂದು ಒಣ ಡೈಪರ್ 31 ಗ್ರಾಂ. ಹತ್ತು ತೂಗಿದೆ, ಹತ್ತೂ 31. ಶಿಸ್ತಿನ ಸರಕು. ಮೂತ್ರದ ಬದಲಿಗೆ ಉಪ್ಪುನೀರು, ಅದಕ್ಕೆ ನೀಲಿ ಬಣ್ಣ ಬೆರೆಸಿ ಅರವತ್ತು ಮಿಲಿ ಹುಯ್ದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅರವತ್ತು, ಇನ್ನು ಹತ್ತು ನಿಮಿಷಕ್ಕೆ ಮತ್ತೆ ಅರವತ್ತು. ಸೋಸು ಕಾಗದ ಇಟ್ಟು, ಮೇಲೆ ಭಾರ ಹೇರಿ, ಕಾಗದ ಎಷ್ಟು ನೀರು ವಾಪಸು ಎಳೆಯಿತೆಂದು ನೋಡಿದೆ. ಅರ್ಧ ಗ್ರಾಂ ಕೂಡ ಇಲ್ಲ. ಒಂದು ದೊಡ್ಡ ಲೋಟ ನೀರು ಕುಡಿದು, ಏನೂ ಗೊತ್ತಿಲ್ಲದವರ ಹಾಗೆ ಕೂತಿದೆ. ಕೈ ಇಟ್ಟರೆ ಒಣ.

ಪಕ್ಕದ ಕೋಣೆಯ ಮಣ್ಣಿನಣ್ಣ ಜನವರಿಯಲ್ಲೇ ಇದೇ ಸರಕಿನ ಆರು ತುಂಡು ಹೂತಿದ್ದಾನೆ. ಸರಕನ್ನು ಮಣ್ಣಿನ ಪೆಟ್ಟಿಗೆಗಳಲ್ಲಿ ಹೂತು, ಕೊಳೆಯುತ್ತದೋ ಇಲ್ಲವೋ ಎಂದು ಕಾಯುವುದು ಅವನ ಕೆಲಸ. ತಿಂಗಳ ಕೊನೆಗೆ ತೆಗೆಯುತ್ತಾನೆ.

ಮಾರ್ಚ್ 7, ಶುಕ್ರವಾರ

ಕೋಣೆ 23, ತೇವಾಂಶ 58. ಇಪ್ಪತ್ತು ತಾಯಂದಿರು, ಇಪ್ಪತ್ತು ಮಕ್ಕಳು ಒಂದೇ ಕಡೆ ಉಸಿರಾಡಿದರೆ ಇನ್ನೇನಾಗುತ್ತದೆ. ತಲೆ ಇನ್ನೂ ಗುಂಯ್ ಅನ್ನುತ್ತಿದೆ.

ಮನೆಯಲ್ಲಿ ಬಳಸಿ ನೋಡುವ ಹಂತ ಇವತ್ತಿನಿಂದ. ನಾಲ್ಕು ವಾರ. ನಿಯಮಗಳನ್ನು ಎರಡೆರಡು ಸಲ ಹೇಳಿದೆ. ಒದ್ದೆಯಾಗಲಿ ಬಿಡಲಿ, ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ತೆಗೆದದ್ದನ್ನು ಚೀಲಕ್ಕೆ ಹಾಕಿ ಹೊತ್ತು ಬರೆಯಬೇಕು. ಗುರುವಾರ ಬೆಳಿಗ್ಗೆ ನಮ್ಮ ಗಾಡಿ ಬಂದು ಚೀಲ ಒಯ್ಯುತ್ತದೆ, ಶುಕ್ರವಾರ ನಾನು ತೂಗುತ್ತೇನೆ. ಪಟ್ಟಿಯಲ್ಲಿ ಗುರುತು ಹಾಕಬೇಕು: ಒಣ ಇದ್ದರೆ ಮೂರು, ಪಸೆ ಇದ್ದರೆ ಎರಡು, ಒದ್ದೆ ಇದ್ದರೆ ಒಂದು. ಮಗು ಚೆನ್ನಾಗಿ ಮಲಗಿದರೆ ಮೂರು, ನಡುವೆ ಎದ್ದರೆ ಎರಡು, ಅತ್ತರೆ ಒಂದು. ಹೆಸರು ಬೇಡ, ಸಂಖ್ಯೆ ಸಾಕು.

ಹದಿನಾಲ್ಕನೇ ಸಂಖ್ಯೆಯ ಮಗುವಿನ ತಾಯಿ ತೆಳ್ಳನೆಯ ಹುಡುಗಿ, ಅತ್ತೆಯ ಜೊತೆ ಬಂದಿದ್ದಳು. ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಅವಳದೇ.

"ಮೇಡಂ, ಮೇಲೆ ಒಣಗೇ ಇದ್ರೆ, ಮಗು ಉಚ್ಚೆ ಮಾಡಿದ್ಯೋ ಇಲ್ವೋ ಗೊತ್ತಾಗೋದು ಹೇಗೆ?"

"ಗೊತ್ತಾಗಬಾರದು ಅಂತಲೇ ಅಲ್ವಾ ಇದನ್ನ ಮಾಡಿರೋದು!" ಅಂದೆ. ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕು, "ಇವಳಿಗೆ ಎಲ್ಲದಕ್ಕೂ ಗಾಬರಿ ಮೇಡಂ, ಮಗು ಸೀನಿದ್ರೂ ಗಾಬರಿ" ಅಂದರು. ಹುಡುಗಿಯ ಮುಖ ಸಣ್ಣದಾಯಿತು.

ಮಗುವಿಗೆ ಐದು ತಿಂಗಳು, ತೂಕ 6,140 ಗ್ರಾಂ. ತೂಗುವಾಗ ನನ್ನ ಕನ್ನಡಕದ ದಾರ ಹಿಡಿದುಕೊಂಡು ಬಿಡಲೇ ಇಲ್ಲ. ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತಾರಂತೆ. ನಮ್ಮಲ್ಲಿ 14.

ಅಕ್ಕನಿಗೆ ಹೇಳಿದರೆ ಅವಳದು ಅದೇ ಕುಹಕ. ಸೊಂಟ ಮುರಿದುಕೊಂಡು ಮನೆ ಹಿಡಿದರೂ ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ. "ಒಣಗಿದ್ರೆ ಮೂರು ಅಂಕಾನಾ? ಮೂವತ್ತು ವರ್ಷ ಮಕ್ಕಳ ವಾರ್ಡಲ್ಲಿ ನರ್ಸ್ ಆಗಿದ್ದೆ ಕಣೇ. ನಾವು ಒದ್ದೆ ಬಟ್ಟೆ ಕಂಡ್ರೆ ಖುಷಿ ಪಡ್ತಿದ್ವಿ."

ಅವಳ ಕಾಲ ಬೇರೆ. ಆಗ ಹಳೇ ಬಟ್ಟೆ, ಒಗೆಯುವವರೂ ಇದ್ದರು.

ಮಾರ್ಚ್ 14, ಶುಕ್ರವಾರ

ಕೋಣೆ 23, ತೇವಾಂಶ 50.

ಮೊದಲ ವಾರದ ಚೀಲಗಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಐನೂರ ಎಪ್ಪತ್ತು ಡೈಪರ್ ತೂಗಿದೆ. ಸರಾಸರಿ 104 ಗ್ರಾಂ. ಸೋರಿದ್ದು ಹದಿಮೂರು ಮಾತ್ರ. ತಾಯಂದಿರ ಬರವಣಿಗೆ ದೇವರಿಗೇ ಪ್ರೀತಿ, ಐದನೆಯವಳು ಹೊತ್ತಿನ ಜಾಗದಲ್ಲಿ ತರಕಾರಿ ಪಟ್ಟಿ ಬರೆದಿದ್ದಾಳೆ. ಹದಿನಾಲ್ಕರದು ಮಾತ್ರ ಅಚ್ಚುಕಟ್ಟು. ಒಂದು ಹೊತ್ತೂ ತಪ್ಪಿಲ್ಲ, ಒಂದು ಚಿತ್ತೂ ಇಲ್ಲ. ಇಂಥವರು ನಾಲ್ಕು ಜನ ಸಿಕ್ಕರೆ ನನ್ನ ಆಯುಸ್ಸು ಹೆಚ್ಚಾದೀತು.

ಮಾರ್ಚ್ 19, ಬುಧವಾರ

ಕೋಣೆ 23, ತೇವಾಂಶ 51.

ಒಳ್ಳೆಯ ದಿನ. ಮಧ್ಯಂತರ ವರದಿ ಇವತ್ತೇ ಬೇಕೆಂದು ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಕುತ್ತಿಗೆಯ ಮೇಲೆ ಕೂತಿದ್ದರು. ತಾಯಂದಿರ ಮಾತು ಒಂದೆರಡು ಇದ್ದರೆ ಕಳೆಗಟ್ಟುತ್ತದೆ ಅಂದಿದ್ದರು. ಕೇಳಿಸಿಕೊಂಡವಳ ಹಾಗೆ ಮಧ್ಯಾಹ್ನ ಹದಿನಾಲ್ಕರ ತಾಯಿಯೇ ಫೋನ್ ಮಾಡಿದಳು. ನನ್ನ ಒಂದು ಕಣ್ಣು ಟೈಮರ್ ಮೇಲೆ. ಮೂರನೇ ಸಲ ಉಪ್ಪುನೀರು ಹುಯ್ಯಲು ನಾಲ್ಕು ನಿಮಿಷ ಬಾಕಿ ಇತ್ತು.

"ಮೇಡಂ, ನಿನ್ನೆ ಸಂಜೆಯಿಂದ ಒಣಗೇ ಇದೆ."

"ಸಂತೋಷ."

"ಎಷ್ಟು ಹೊತ್ತಾದ್ರೂ ಒಣಗೇ ಇದೆ ಮೇಡಂ. ಕೈಗೆ ಭಾರಾನೂ ಅನ್ಸಲ್ಲ."

"ತೆಳು ಸರಕಮ್ಮಾ, ಹಗುರಾಗೇ ಇರುತ್ತೆ. ಒಳಗೆ ಹೀರ್ಕೊಂಡಿರುತ್ತೆ, ಮೇಲೆ ಗೊತ್ತಾಗಲ್ಲ."

"ಹಾಗಾದ್ರೆ ಪರವಾಗಿಲ್ವಾ?"

"ಪರವಾಗಿಲ್ಲ."

"ತುಂಬಾ ಮಲಗ್ತಿದ್ದಾಳೆ."

"ಮೈ ಒಣಗಿದ್ರೆ ಮಕ್ಕಳು ಚೆನ್ನಾಗಿ ನಿದ್ದೆ ಮಾಡ್ತವೆ. ಪೆಟ್ಟಿಗೆ ಮೇಲೇ ಬರೆದಿದೆ ನೋಡು."

ಮತ್ತೆ ಪರವಾಗಿಲ್ವಾ ಅಂದಳು. ಹಾಲಿನದು ಇನ್ನೇನೋ ಶುರು ಮಾಡಿದಳು, ಅಷ್ಟರಲ್ಲಿ ಟೈಮರ್ ಕೂಗಿಕೊಂಡಿತು. ಹುಯ್ಯುವುದು ಹತ್ತು ಸೆಕೆಂಡ್ ತಡವಾದರೂ ಲೆಕ್ಕ ಕೆಡುತ್ತದೆ. ಇಡ್ತೀನಮ್ಮಾ ಅಂದೆ. ಇಡುವಾಗಲೂ ಪರವಾಗಿಲ್ವಾ ಅಂತ ಕೇಳುತ್ತಲೇ ಇದ್ದಳು. ಒಟ್ಟು ಮೂರು ಸಲ ಕೇಳಿದಳು, ಮೂರು ಸಲವೂ ಪರವಾಗಿಲ್ಲ ಅಂದೆ. ಕೆಲವರಿಗೆ ಒಳ್ಳೆಯದಾದರೂ ನಂಬಿಕೆ ಬರುವುದಿಲ್ಲ.

ಕಚೇರಿಯ ಕರೆ ಪುಸ್ತಕದಲ್ಲಿ ಬರೆದೆ. ಅವಳ ಮಾತು ವರದಿಗೂ ಹೋಯಿತು. "ಎಷ್ಟು ಹೊತ್ತಾದ್ರೂ ಒಣಗೇ ಇದೆ" – ಒಬ್ಬ ತಾಯಿ. ಮುಖ್ಯಸ್ಥರು ಬೆನ್ನು ತಟ್ಟುವುದೊಂದು ಬಾಕಿ.

ಮಾರ್ಚ್ 21, ಶುಕ್ರವಾರ

ಕೋಣೆ 23, ತೇವಾಂಶ 50.

ಹದಿನಾಲ್ಕರ ಚೀಲಕ್ಕೆ ಬಂದಾಗ ನಾಲ್ಕು ಗಂಟೆ. ಮಂಗಳವಾರ ಮಧ್ಯಾಹ್ನದವರೆಗೆ 112, 98, 87. ಸಂಜೆಯದು 38. ಆಮೇಲೆ 31. ಮತ್ತೆ 31. ಗುರುವಾರ ಬೆಳಗಿನವರೆಗೂ ಬರೀ 31.

ತಕ್ಕಡಿ ಕೆಟ್ಟಿತೆಂದುಕೊಂಡೆ. ಹಿತ್ತಾಳೆಯ ತೂಕದ ಬಟ್ಟು ಇಟ್ಟು ನೋಡಿದೆ, ಸರಿಯಾಗಿತ್ತು. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಳ್ಳಿ, ಬಳಸದೆ ಹಾಗೇ ಚೀಲಕ್ಕೆ ತುಂಬಿ ಕಳಿಸಿದ್ದಾಳೆ, ಮಾದರಿ ತಾಯಿ ಅಂತ ನಾನು ಹೊಗಳಿದ್ದೇ ಹೊಗಳಿದ್ದು. ಒಂದನ್ನು ಬಿಡಿಸಿದೆ. ಸೊಂಟದ ಪಟ್ಟಿ ಅಂಟಿಸಿ ಬಿಡಿಸಿದ ಗುರುತಿತ್ತು. ತೊಡೆಯ ಹತ್ತಿರ ಸುಕ್ಕು, ಮಗುವಿನ ಪೌಡರ್ ವಾಸನೆ. ಹಾಕಿದ್ದಾಳೆ. ನಾಲ್ಕು ಗಂಟೆ ಇಟ್ಟಿದ್ದಾಳೆ. ಒಳಗೆ ಏನೂ ಇಲ್ಲ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ, ಒಗಟು ಹೇಳುವವರ ಹಾಗೆ. ಅವಳು ಹೆಣಿಗೆ ಕೆಳಗಿಟ್ಟಳು.

"ಎಷ್ಟು ಗಂಟೆ ಒಣಗಿತ್ತು ಅಂದೆ?"

"ಒಂದೂವರೆ ದಿನ."

"ಫೋನ್ ಮಾಡು."

"ಸೋಮವಾರ ಕಚೇರಿಯಿಂದ..."

"ಈಗ ಮಾಡೇ! ಡೈಪರ್ ಚೆನ್ನಾಗಿದೆ ಅಂತಲ್ಲ ಕಣೇ, ಮಗೂಗೆ ಹುಷಾರಿಲ್ಲ!"

ಮಾಡಿದೆ. ಗಂಡ ಎತ್ತಿಕೊಂಡ. ಯಾರು ಅಂತ ಕೇಳಿದ, ಹೇಳಿದೆ. ಮಗು ಹೇಗಿದೆ ಅಂದೆ. "ನಿನ್ನೆ ಸಂಜೆ ಹೋಯ್ತು ಮೇಡಂ" ಅಂದ. ಒಳಗೊಳಗೇ ಸೋಂಕು, ಮೈಯಲ್ಲಿ ನೀರಿರಲಿಲ್ಲ, ಒಂದು ದಿನ ಮೊದಲು ತಂದಿದ್ದರೆ ಉಳಿಸಬಹುದಿತ್ತು ಅಂದರಂತೆ ಡಾಕ್ಟರ್. ಆಮೇಲೆ, "ಇನ್ನೂ ಎರಡು ಪೆಟ್ಟಿಗೆ ಇದೆ, ಯಾವಾಗ ಒಯ್ತೀರಿ?" ಅಂತ ಕೇಳಿದ.

ಮಾರ್ಚ್ 24, ಸೋಮವಾರ

ಕೋಣೆ 23, ತೇವಾಂಶ 50.

ಮುಖ್ಯಸ್ಥರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಮ್ಮ ಸರಕಿನಿಂದ ಏನಾದ್ರೂ ಆಯ್ತಾ?"

"ಇಲ್ಲ ಸರ್."

"ನಾವು ಡಾಕ್ಟರ್‌ಗಳಾ?"

"ಅಲ್ಲ ಸರ್."

"ಮತ್ತೆ? ಪಾಪ, ಆಗಬಾರದಿತ್ತು. ಹದಿನಾಲ್ಕನ್ನ 'ನಡುವೆ ಬಿಟ್ಟವರು' ಅನ್ನೋ ಕಡೆ ಹಾಕಿ. ಹತ್ತೊಂಬತ್ತರ ಮೇಲೆ ಸರಾಸರಿ ತೆಗೀರಿ."

ಸರಿ ಅಂದೆ. ಹಾಕಿದೆ. ಸರಾಸರಿ ಬದಲಾಗಲಿಲ್ಲ.

ಮಾರ್ಚ್ 27, ಗುರುವಾರ

ಕೋಣೆ 23.

ಗುಬ್ಬಿಯ ಅಪ್ಪ ಬಂದಿದ್ದ. ಉಳಿದ ಪೆಟ್ಟಿಗೆಗಳನ್ನು ತಾನೇ ಹೊತ್ತುಕೊಂಡು ಬಂದಿದ್ದ. ನಾನು ಗಾಜಿನ ಈಚೆ, ಕೈಯಲ್ಲಿ ನೀಲಿ ನೀರಿನ ಅಳತೆ ಪಾತ್ರೆ. ಸ್ವಾಗತದ ಮೇಜಿನ ಹುಡುಗಿಯ ಹತ್ತಿರ ಕೇಳುತ್ತಿದ್ದ.

"ನನ್ನ ಹೆಂಡ್ತಿ ಕಳೆದ ವಾರ ಬುಧವಾರ ಇಲ್ಲಿಗೆ ಫೋನ್ ಮಾಡಿ ಕೇಳ್ದೆ ಅಂತಾಳೆ. ಏನು ಕೇಳಿದ್ಲು ಅಂತ ಬರೆದಿಟ್ಟಿರ್ತೀರಾ?"

ಹುಡುಗಿ ಒಳ್ಳೆಯವಳು, ಕರೆ ಪುಸ್ತಕ ತೆಗೆದು ಓದಿದಳು. ಅದು ನನ್ನದೇ ಅಕ್ಷರ. "ಹದಿನಾಲ್ಕು. ತಾಯಿಯ ಕರೆ. ಒಣ. ನಿದ್ದೆ ಚೆನ್ನಾಗಿದೆ. ತಾಯಿಗೆ ತೃಪ್ತಿ."

"ತೃಪ್ತಿ?" ಅಂದ ಅವನು.

"ಹಾಗಂತ ಬರೆದಿದೆ ಸರ್."

"ಅಂದ್ರೆ ಹೊಗಳೋಕೆ ಫೋನ್ ಮಾಡಿದ್ಲಾ? ಅಮ್ಮ ಹೇಳಿದ್ದೇ ಸರಿ. ಮಗು ಅಲ್ಲಿ ಹಾಗೆ ಬಿದ್ದಿದ್ರೆ, ಇವಳು ಗುರುತು ಹಾಕ್ಕೊಂಡು ಕೂತಿದ್ಲು."

ಗಾಜಿನ ಬಾಗಿಲು ತೆಗೆದರೆ ನಾಲ್ಕು ಹೆಜ್ಜೆ. ಟೈಮರ್ ಕೂಗಿತು. ಹುಯ್ದೆ. ತಲೆ ಎತ್ತಿದಾಗ ಅವನಿರಲಿಲ್ಲ.

ಮಾರ್ಚ್ 28, ಶುಕ್ರವಾರ

ಚೀಲಗಳು ಬಂದಿವೆ. ತೂಗಲಿಲ್ಲ.

ಮಾರ್ಚ್ 31, ಸೋಮವಾರ

ಮಣ್ಣಿನಣ್ಣ ಹನ್ನೆರಡು ವಾರದ ಪೆಟ್ಟಿಗೆ ತೆಗೆದ. ಜರಡಿ ಹಿಡಿಯಲು ನಾನೂ ನಿಂತೆ. ಬಿದಿರಿನ ನಾರು ಹೋಗಿತ್ತು, ತಿರುಳು ಹೋಗಿತ್ತು, ಪಿಷ್ಟದ ಹಾಳೆ ಮುಟ್ಟಿದರೆ ಪುಡಿ. "ಪರವಾಗಿಲ್ಲ ರೀ, ಕಂಪನಿಯವರು ಪೂರ್ತಿ ಸುಳ್ಳು ಹೇಳಿಲ್ಲ" ಅಂದ. ಪರವಾಗಿಲ್ಲ ಅನ್ನುವುದು ಕೇಳಿ ಜರಡಿ ಆಡಿಸುವುದು ನಿಲ್ಲಿಸಿದೆ. ಉಳಿದದ್ದು ತೊಡೆಯ ಸುತ್ತ ಬರುವ ರಬ್ಬರಿನ ಎಳೆ ಮಾತ್ರ. ಜರಡಿಯ ಮೇಲೆ ಮೊದಲ ತುಂಡಿನ ಎರಡು ಉಂಗುರ, ಅಕ್ಕಪಕ್ಕ. ನನ್ನ ಮೂರು ಬೆರಳು ತೂರುವಷ್ಟು ಅಗಲ.

"ತಕ್ಕಡಿ ಮೇಡಂ, ಏನಾಯ್ತು?" ಅಂದ. ಎದುರಿಗೇ ಹಾಗೆ ಕರೆದದ್ದು ಇದೇ ಮೊದಲು. ಮಣ್ಣಿನ ಧೂಳಿಗೆ ಕಣ್ಣು ಉರಿಯುತ್ತಿತ್ತು.

ಏಪ್ರಿಲ್ 3, ಗುರುವಾರ

ಹೊಸ ಪೆಟ್ಟಿಗೆಯ ಮಾದರಿ ಕಂಪನಿಯಿಂದ ಬಂತು. ಎಲೆಯ ಕೆಳಗೆ ದುಂಡು ಅಕ್ಷರದಲ್ಲಿ, "ಎಷ್ಟು ಹೊತ್ತಾದ್ರೂ ಒಣಗೇ ಇದೆ – ಒಬ್ಬ ತಾಯಿ." ಪಕ್ಕದಲ್ಲಿ ಮಲಗಿರುವ ಮಗುವಿನ ಚಿತ್ರ.

ಮುಖ್ಯಸ್ಥರ ಕೋಣೆಗೆ ಹೋದೆ. ಇದು ತೆಗೆಸಿ ಸರ್, ಇದು ಹದಿನಾಲ್ಕರ ತಾಯಿ ಹೇಳಿದ್ದು ಅಂದೆ.

"ಹೆಸರಿಲ್ಲ, ಸಂಖ್ಯೆ ಇಲ್ಲ. ಯಾರಿಗೆ ಗೊತ್ತಾಗುತ್ತೆ?"

"ಅವಳಿಗೆ ಗೊತ್ತಾಗುತ್ತೆ."

"ಅವಳು ಇನ್ನು ಡೈಪರ್ ಕೊಳ್ಳೋಕೆ ಹೋಗ್ತಾಳಾ, ಹೇಳಿ?" ಅಂದರು. ಕೆಟ್ಟ ಮನುಷ್ಯರಲ್ಲ. ಅಂದ ಮೇಲೆ ಅವರೇ ತಲೆ ತಗ್ಗಿಸಿದರು. ಆದರೂ ಪೆಟ್ಟಿಗೆ ಅವರ ಮೇಜಿನ ಮೇಲೇ ಉಳಿಯಿತು.

ಸಂಜೆ ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಆ ಹುಡುಗಿ ಅವತ್ತು ಏನು ಕೇಳಿದ್ಲು? ಸರಿಯಾಗಿ ಹೇಳು."

"ನೆನಪಿಲ್ಲ. ತೃಪ್ತಿ ಅಂತ ಬರೆದಿದ್ದೀನಿ."

"ಅದು ಕಚೇರಿಗೆ ಬರೆದಿದ್ದು. ದಿನಾ ಕೂತು ಗೀಚ್ತೀಯಲ್ಲ, ಅದರಲ್ಲಿ ಏನಿದೆ?"

ಹಿಂದಿನ ಪುಟ ತಿರುವಿ ಓದುವ ಅಭ್ಯಾಸ ನನಗಿಲ್ಲ. ಇವತ್ತು ತಿರುವಿದೆ. ಹತ್ತೊಂಬತ್ತನೇ ತಾರೀಕು "ಒಳ್ಳೆಯ ದಿನ" ಎಂದು ಶುರುವಾಗುತ್ತದೆ.

ಕೈಗೆ ಭಾರಾನೂ ಅನ್ಸಲ್ಲ ಅಂದಿದ್ದಳು. ಒಳಗೆ ಹೀರಿಕೊಂಡಿರುತ್ತದೆ ಅಂದೆ. ಹೀರಿಕೊಂಡ ನೀರಿನ ತೂಕ ಎಲ್ಲಿಗೆ ಹೋಗುತ್ತದೆ? ಇಪ್ಪತ್ತಾರು ವರ್ಷ ತಕ್ಕಡಿಯ ಮುಂದೆ ಕೂತವಳು ನಾನು. ಬೇರೆ ಯಾರು ಹಾಗೆ ಹೇಳಿದ್ದರೂ ಮುಖಕ್ಕೆ ಉಗಿಯುತ್ತಿದ್ದೆ. ಅವಳು ತನ್ನ ಕೈಯಲ್ಲೇ ತೂಗಿ ಸರಿಯಾಗಿ ಹೇಳಿದಳು, ನಾನು ತಕ್ಕಡಿ ಬಿಟ್ಟು ಪೆಟ್ಟಿಗೆಯ ಮೇಲಿನ ಸಾಲು ಓದಿದೆ. ಗುಬ್ಬಿಗೆ ಇನ್ನೂ ಒಂದು ದಿನ ಇತ್ತು. ಆ ದಿನವನ್ನು ನಾನು ತೆಗೆದೆ. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಏಪ್ರಿಲ್ 5, ಶನಿವಾರ

ಕಂಪನಿಗೆ ನೇರವಾಗಿ ಪತ್ರ ಬರೆದೆ. ಆ ಮಾತು ಹೊಗಳಿಕೆಯಾಗಿರಲಿಲ್ಲ, ಅದು ದೂರು, ತಪ್ಪು ತಿಳಿದು ವರದಿಗೆ ಹಾಕಿದವಳು ನಾನು, ಮಗು ಮರುದಿನ ತೀರಿಕೊಂಡಿತು. ಸಹಿ, ಹುದ್ದೆ ಎರಡೂ ಹಾಕಿದೆ. ಪಟ್ಟಿಯಿಂದ ಒಣಗಿದ್ದಕ್ಕೆ ಕೊಡುವ ಅಂಕ ತೆಗೆದು, ಮಗು ಎಷ್ಟು ಸಲ ಮೂತ್ರ ಮಾಡಿತು, ಎಷ್ಟು ಹಾಲು ಕುಡಿಯಿತು ಎಂದು ಕೇಳಬೇಕೆಂದೂ ಬರೆದೆ. ಒಂದು ಪ್ರತಿ ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಸೋಮವಾರ ಏನಾಗುತ್ತದೋ ಆಗಲಿ.

ಅಕ್ಕ ಅಂದಳು, "ಕಂಪನಿಗೆ ಬರೆದ್ರೆ ಸಾಕಾ? ಆ ಮನೇಲಿ ಆ ಹುಡುಗಿ ಹೇಗಿದ್ದಾಳೋ."

ಏಪ್ರಿಲ್ 6, ಭಾನುವಾರ

ಇದನ್ನು ಬಿಡಿ ಹಾಳೆಯ ಮೇಲೆ ಬರೆಯುತ್ತಿದ್ದೇನೆ. ದಿನಚರಿ ಪುಸ್ತಕ ಗುಬ್ಬಿಯ ಮನೆಯಲ್ಲಿದೆ.

ಎರಡನೇ ಮಹಡಿ. ಬಾಗಿಲು ತೆಗೆದವರು ಅತ್ತೆ. ನನ್ನ ಗುರುತು ಹಿಡಿದು, ಒಳಗೆ ಬನ್ನಿ ಅನ್ನಲೂ ಇಲ್ಲ, ಬಾಗಿಲು ಹಾಕಲೂ ಇಲ್ಲ. ನಾನೇ ಹೋದೆ. ಗಂಡ ಕುರ್ಚಿಯಲ್ಲಿದ್ದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೂದಲು ಬಾಚಿರಲಿಲ್ಲ. ಅವಳಿಗೆ ಕೂರು ಎಂದು ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಎಷ್ಟೋ ದಿನದಿಂದ ಯಾರೂ ಅವಳಿಗೆ ಏನೂ ಹೇಳಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಕರೆ ಪುಸ್ತಕದಲ್ಲಿ ತೃಪ್ತಿ ಅಂತ ಬರೆದವಳು ನಾನು" ಅಂದೆ. "ಅದು ಸುಳ್ಳು. ಅವತ್ತು ನಡೆದದ್ದು ಇದರಲ್ಲಿದೆ. ಇದು ನನಗೋಸ್ಕರ ಬರೆದುಕೊಂಡಿದ್ದು, ಯಾರಿಗೂ ತೋರಿಸೋಕಲ್ಲ. ಅದಕ್ಕೇ ನಂಬಿ."

ಓದಲು ಶುರು ಮಾಡಿದೆ. ಒಳ್ಳೆಯ ದಿನ ಅನ್ನುವುದನ್ನೂ ಓದಿದೆ. ಹಾಲಿನ ಮಾತಿನ ಹತ್ತಿರ ಓದುವುದು ನಿಲ್ಲಿಸಿದೆ. ಗಂಡ ಎದ್ದು ಬಂದು ಪುಸ್ತಕ ಕಿತ್ತುಕೊಂಡ. ಉಳಿದದ್ದನ್ನು ಅವನೇ ಓದಿದ, ಗಟ್ಟಿಯಾಗಿ, ಒಂದೊಂದೇ ಪದ. ಮೂರು ಸಲ ಕೇಳಿದಳು, ಮೂರು ಸಲವೂ ಪರವಾಗಿಲ್ಲ ಅಂದೆ. ಕೆಲವರಿಗೆ ಒಳ್ಳೆಯದಾದರೂ ನಂಬಿಕೆ ಬರುವುದಿಲ್ಲ. ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

ತಪ್ಪಾಯ್ತು ಅಂದೆ.

"ಹಾಲಿಂದು ಏನು ಹೇಳೋಕೆ ಹೊರಟಿದ್ದೆ?" ಗಂಡ ಅವಳನ್ನು ಕೇಳಿದ.

"ಕುಡೀತಿಲ್ಲ ಅಂತ" ಅಂದಳು.

ಅತ್ತೆ ಗೋಡೆ ಹಿಡಿದು ನಿಂತಿದ್ದರು. ಸೊಸೆಯ ಕಡೆ ತಿರುಗಿದರು.

"ಮೂರು ಸಲ ಕೇಳಿದ್ಯಾ?"

"ಇವರನ್ನ ಮೂರು ಸಲ ಕೇಳ್ದೆ" ಅಂದಳು ಅವಳು. ಸಿಟ್ಟಿಲ್ಲ, ಅಳುವಿಲ್ಲ. "ಫೋನ್ ಮಾಡೋಕೆ ಮುಂಚೆ ನಿಮ್ಮನ್ನ ಒಂದು ಸಲ ಕೇಳಿದ್ದೆ, ಅತ್ತೆ."